ತಮ್ಮನ ತಲೆಯ ಮೇಲಿನ ಆಣೆ

ಡಾಕ್ಟರ್ ಪುಟ್ಟಸ್ವಾಮಿಗೆ ಒಂದು ಜಂಬವಿತ್ತು. ಓದಿದ ಜಂಬವಲ್ಲ, ಕೈಗುಣದ ಜಂಬವೂ ಅಲ್ಲ. ತನ್ನ ರೋಗಿಗಳು ತನಗೆ ಸುಳ್ಳು ಹೇಳುವುದಿಲ್ಲ ಎನ್ನುವ ಜಂಬ. ಮೈಸೂರಿನ ಆಸ್ಪತ್ರೆಯಲ್ಲಿ ಜೊತೆಯ ಸರ್ಜನ್ನರು ಹಳ್ಳಿ ಹೆಂಗಸರನ್ನು ಮಾತಾಡಿಸಲು ತಿಣುಕುವುದನ್ನು ನೋಡಿ ಅವನು ಒಳಗೊಳಗೇ ನಗುತ್ತಿದ್ದ. "ನೀವು ಕೇಳೋ ಕನ್ನಡ ಅವರಿಗೆ ತಿಳಿಯಲ್ಲ, ಅವರು ಹೇಳೋ ಕನ್ನಡ ನಿಮಗೆ ತಿಳಿಯಲ್ಲ. ಇನ್ನು ಕಾಯಿಲೆ ಎಲ್ಲಿಂದ ತಿಳೀಬೇಕು?" ಎನ್ನುತ್ತಿದ್ದ. ಅವನು ಕೆ.ಆರ್. ಪೇಟೆ ಕಡೆಯ ಸಿಂಧಘಟ್ಟದವನು. ನಾಟಿ ಯಾವಾಗ, ಕಬ್ಬು ಕಡಿಯುವುದು ಯಾವಾಗ, ಸೊಸೆ ಯಾವ ತಿಂಗಳು ತವರಿಗೆ ಹೋಗುತ್ತಾಳೆ, ಎಲ್ಲ ಗೊತ್ತಿದ್ದವನು. ಗೊತ್ತಿದೆ ಎಂದುಕೊಂಡಿದ್ದವನು ಅಂದರೆ ಸರಿಯಾದೀತು.

ಮೊದಲು ಅವನು ಹಿಡಿದದ್ದು ಲಿವರಿನ ವಿಷಯ. ಎಂ.ಎಸ್. ಓದುವಾಗ ಲಿವರಿನ ಕೀವುಗಡ್ಡೆಯ ಮೇಲೆ ಪ್ರಬಂಧ ಬರೆದಿದ್ದ. ಹತ್ತು ವರ್ಷ ಅದೇ ಕೆಲಸ ಮಾಡಿ, ಲಿವರಿಗೆ ಈಲಿ ಎನ್ನುವ ಕೆ.ಆರ್. ಪೇಟೆ ಕಡೆಯವರ ಬಾಯಲ್ಲಿ 'ಈಲಿ ಡಾಕ್ಟ್ರು' ಎನಿಸಿಕೊಂಡಿದ್ದ. ಆಮೇಲೆ ಮನಸ್ಸು ಬೇರೆ ಕಡೆ ಹೊರಳಿತು. ಎದೆಯಲ್ಲಿ ಗಂಟೆದ್ದು, ಅದು ಒಡೆದು ಹುಣ್ಣಾಗಿ, ಅದರ ಮೇಲೆ ಅರಿಶಿನ ಮೆತ್ತಿ, ಸೆರಗು ಬಿಗಿದುಕೊಂಡು ಬರುತ್ತಿದ್ದ ಹೆಂಗಸರನ್ನು ನೋಡಿ ನೋಡಿ ಅವನಿಗೆ ಸಾಕಾಗಿಹೋಗಿತ್ತು. ಅವರಲ್ಲಿ ಅನೇಕರು ಆಪರೇಷನ್ನಿನಿಂದ ಗೆದ್ದು, ಎರಡು ಮೂರು ವರ್ಷದ ಮೇಲೆ ರೋಗ ಲಿವರಿಗೆ ಹರಡಿ ಸೋಲುತ್ತಿದ್ದರು. ೧೯೯೧ರಲ್ಲಿ ಮುಂಬೈಯ ಒಂದು ಸಂಶೋಧನಾ ಸಮಿತಿ ಹೊಸ ಗುಳಿಗೆಯೊಂದನ್ನು ಪರೀಕ್ಷೆಗೆ ತಂದಿತು. ಆಪರೇಷನ್ ಆದವರು ದಿನಕ್ಕೊಂದು ನುಂಗಿದರೆ ಕ್ಯಾನ್ಸರ್ ಮರಳಿ ಬರುವುದು ಕಡಿಮೆಯಾಗುತ್ತದೆ ಎಂದು ಅವರ ಎಣಿಕೆ. ಅವರಿಗಿದ್ದ ಅನುಮಾನ ಒಂದೇ: ಲಿವರಿಗೆ ಕೆಡುಕಾದರೆ? ಎದೆಯನ್ನೂ ಬಲ್ಲ, ಲಿವರನ್ನೂ ಬಲ್ಲ ಪುಟ್ಟಸ್ವಾಮಿಗಿಂತ ಇದನ್ನು ನೋಡಲು ತಕ್ಕವರು ಯಾರು? ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ನಾಲ್ಕು ತಾಲ್ಲೂಕಿನ ಅರವತ್ಮೂರು ಹೆಂಗಸರಿಗೆ ಅವನು ಗುಳಿಗೆ ಕೊಡಲು ಶುರುಮಾಡಿದ.

ತಿಂಗಳ ಎರಡನೆಯ ಸೋಮವಾರ ಶ್ರೀರಂಗಪಟ್ಟಣದ ಹಳೇ ಛತ್ರವೊಂದರ ಪಡಸಾಲೆಯಲ್ಲಿ ಅವರೆಲ್ಲ ಸೇರುತ್ತಿದ್ದರು. ಎದೆ ನೋಡುವುದು, ಹೊಟ್ಟೆ ಮುಟ್ಟಿ ನೋಡುವುದು, ರಕ್ತ ತೆಗೆಯುವುದು, ಹಳೇ ಗುಳಿಗೆಯ ಖಾಲಿಯಾದ ತಗಡಿನ ಹಾಳೆ ಇಸಿದುಕೊಂಡು ಹೊಸದು ಕೊಡುವುದು. ಈ ಜಾತ್ರೆಯನ್ನು ಹದ್ದುಬಸ್ತಿನಲ್ಲಿ ಇಡುತ್ತಿದ್ದವಳು ಪುಟ್ಟತಾಯಮ್ಮ. ಅವಳು ಪುಟ್ಟಸ್ವಾಮಿಯ ಒಡಹುಟ್ಟಿದ ಅಕ್ಕ. ತಾಯಿ ಸತ್ತಾಗ ಅವನಿಗೆ ಮೂರು ವರ್ಷ, ಅವಳಿಗೆ ಹನ್ನೆರಡು. ಸೊಂಟದ ಮೇಲೆ ಹೊತ್ತು ಸಾಕಿದವಳು. ನಾಗಮಂಗಲದಾಚೆಯ ಹಳ್ಳಿಗೆ ಲಗ್ನವಾಗಿ ಹೋಗುವಾಗಲೂ ಅವನನ್ನು ಜೊತೆಗೆ ಕರೆದುಕೊಂಡೇ ಹೋಗಿ ಓದಿಸಿದ್ದಳು. ಅವಳಿಗೂ ಎಡ ಎದೆಯ ಆಪರೇಷನ್ ಆಗಿತ್ತು, ಅವಳೂ ಅರವತ್ಮೂರರಲ್ಲಿ ಒಬ್ಬಳು. ಬಂದವರ ಹೆಸರು ಕೂಗುವವಳು ಅವಳೇ, ನಾಚಿಕೊಳ್ಳುವವರಿಗೆ ಗದರುವವಳೂ ಅವಳೇ. "ನಮ್ ಪುಟ್ಸಾಮಿ ಮುಂದೆ ಎಂಥ ನಾಚ್ಕೆ? ಬಿಚ್ಚಮ್ಮಿ ರವಕೆಯ" ಎಂದರೆ ಮುದುಕಿಯರೂ ನಗುತ್ತಾ ಗುಂಡಿ ಬಿಚ್ಚುತ್ತಿದ್ದರು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಎಲ್ಲರೂ ಗುಂಪಾಗಿ ಗಂಜಾಂಗೆ ನಡೆದು, ಹೊಳೆಯಲ್ಲಿ ಕಾಲು ತೊಳೆದು, ನಿಮಿಷಾಂಬೆಗೆ ಕೈಮುಗಿದು ಬಸ್ಸು ಹತ್ತುತ್ತಿದ್ದರು.

ಪ್ರತಿ ತಿಂಗಳೂ ಐದಾರು ಜನ ಬರುತ್ತಿರಲಿಲ್ಲ. ಅಂಥವರ ಗುಳಿಗೆಯನ್ನು ಪುಟ್ಟತಾಯಮ್ಮನೇ ಇಸಿದುಕೊಂಡು ಹೋಗಿ ತಲುಪಿಸುತ್ತಿದ್ದಳು. "ನಾಟಿ ಕಣ್ಲಾ, ಎಲ್ಲಿ ಬರಕಾದದು" ಎಂದರೆ ಪುಟ್ಟಸ್ವಾಮಿ ರಿಜಿಸ್ಟರಿನಲ್ಲಿ 'ಗೈರು, ನಾಟಿ' ಎಂದು ಬರೆಯುತ್ತಿದ್ದ. ಇನ್ನೊಂದು ತಿಂಗಳು ಕಬ್ಬು, ಮತ್ತೊಂದು ತಿಂಗಳು ಹೇಮಗಿರಿಯ ದನಗಳ ಜಾತ್ರೆ. ಮುಂಬೈಯವರು ಒಮ್ಮೆ ಕೇಳಿದ್ದರು, ಇಷ್ಟೊಂದು ಗೈರುಹಾಜರಿ ಏಕೆ ಎಂದು. ಅವನು ಉತ್ತರ ಬರೆದ ಠೀವಿ ನೋಡಬೇಕಿತ್ತು. ಇವರು ಒಕ್ಕಲು ಹೆಂಗಸರು, ಇವರ ಕ್ಯಾಲೆಂಡರು ನಿಮ್ಮ ಕ್ಯಾಲೆಂಡರಲ್ಲ, ನಾನು ಇವರ ನಡುವೆಯೇ ಹುಟ್ಟಿದವನು ಎಂದು ಎರಡು ಪುಟ ಬರೆದಿದ್ದ. ಅವರು ಒಪ್ಪಿದರು. ಒಪ್ಪದೆ ಏನು ಮಾಡಿಯಾರು, ಅವರಲ್ಲಿ ಯಾರೂ ನಾಟಿ ನೆಟ್ಟವರಲ್ಲ.

ತೊಂಬತ್ತೈದರಲ್ಲಿ ಅವನ ಪ್ರಬಂಧ ಅಚ್ಚಾಯಿತು. ನಾಲ್ಕು ವರ್ಷದಲ್ಲಿ ಒಬ್ಬರ ರಕ್ತದಲ್ಲೂ ಲಿವರಿನ ತೊಂದರೆ ಕಾಣಲಿಲ್ಲ. ಸತ್ತವರು ಮೂವರು, ಮೂವರಿಗೂ ಕಾರಣ ಕ್ಯಾನ್ಸರ್. ಹೇಮಗಿರಿ ಕಡೆಯ ಮಂಚಮ್ಮ ಎಂಬುವಳು ಮನೆಯಲ್ಲೇ ಮೈ ಹಳದಿಯಾಗಿ ಹೋದಳೆಂದು ಕೇಳಿ, ರೋಗ ಲಿವರಿಗೆ ಹರಡಿತ್ತು ಎಂದು ಬರೆದುಕೊಂಡಿದ್ದ. ಆ ಪ್ರಬಂಧವನ್ನು ನಂಬಿ ಬೇರೆ ನಾಲ್ಕು ಊರಿನ ಆಸ್ಪತ್ರೆಗಳು ಅದೇ ಗುಳಿಗೆ ಕೊಡಲು ಶುರುಮಾಡಿದವು. ಕಾಲೇಜಿನಲ್ಲಿ ಪುಟ್ಟಸ್ವಾಮಿಗೆ ಶಾಲು ಹೊದಿಸಿದರು. ವಿಭಾಗದ ಮುಖ್ಯಸ್ಥನ ಕುರ್ಚಿ ಇನ್ನೇನು ಅವನದೇ ಎಂದು ಎಲ್ಲರೂ ಆಡಿಕೊಂಡರು. ಅವನಿಗೂ ಹಾಗೇ ಅನ್ನಿಸಿತ್ತು, ಸುಳ್ಳೇಕೆ ಹೇಳಬೇಕು.

ತೊಂಬತ್ತಾರರ ಆಗಸ್ಟಿನಲ್ಲಿ ನಾಗಮಂಗಲದಲ್ಲಿ ಒಂದು ಆರೋಗ್ಯ ಶಿಬಿರವಿತ್ತು. ಬೇಗ ಮುಗಿಯಿತು. ಆ ತಿಂಗಳು ಅಕ್ಕ ಛತ್ರಕ್ಕೆ ಬಂದಿರಲಿಲ್ಲ, ಮೊಮ್ಮಗಳು ಚಿನ್ನುಗೆ ಜ್ವರ ಎಂದು ಹೇಳಿಕಳಿಸಿದ್ದಳು. ನೋಡಿಕೊಂಡು ಹೋಗೋಣವೆಂದು ಹೇಳದೆ ಕೇಳದೆ ಜೀಪು ಆ ಕಡೆ ತಿರುಗಿಸಿದ. ಚಿನ್ನು ಜಗುಲಿಯ ಮೇಲೆ ಕುಂಟೆಬಿಲ್ಲೆ ಆಡುತ್ತಿದ್ದಳು. ಜ್ವರದ ಸುಳಿವೇ ಇರಲಿಲ್ಲ.

ಅಕ್ಕ ಒಳಕೋಣೆಯಲ್ಲಿದ್ದಳು. ಕಿಟಕಿಗೆ ಗೋಣಿತಾಟು ಕಟ್ಟಿತ್ತು. ಮುಂದಿದ್ದ ತಟ್ಟೆಯಲ್ಲಿ ಉಪ್ಪಿಲ್ಲದ ಅನ್ನ, ನೀರು ಮಜ್ಜಿಗೆ. ತಮ್ಮನನ್ನು ಕಂಡವಳೇ ಕಣ್ಣು ಮುಚ್ಚಿಕೊಂಡಳು. ಆದರೆ ಅಷ್ಟರಲ್ಲಿ ಅವನು ನೋಡಿಬಿಟ್ಟಿದ್ದ. ಕಣ್ಣಿನ ಬಿಳಿಯೆಲ್ಲ ಹಳದಿಯಾಗಿತ್ತು. ಬಲಗೈ ಮಣಿಕಟ್ಟಿನ ಮೇಲೆ ಬರೆ ಎಳೆದ ಹಸಿ ಗಾಯವಿತ್ತು.

"ಎಷ್ಟು ದಿನ ಆಯ್ತು ಕಾಮಾಲೆ ಬಂದು?" ಎಂದ.

"ಅದ್ನೆಲ್ಲ ಯೋಳ್ಬಾರ್ದು ಕಣ್ಲಾ. ಯೋಳುದ್ರೆ ದಾಸಯ್ಯನ ಮದ್ದು ನಾಟಕಿಲ್ಲ."

ದಾಸಯ್ಯ ಕಾಮಾಲೆಗೆ ಸೊಪ್ಪಿನ ಮದ್ದು ಅರೆದುಕೊಡುವ, ಕೆಲವರ ಮಣಿಕಟ್ಟಿಗೆ ಬರೆಯನ್ನೂ ಎಳೆಯುವ ಮುದುಕ. ಅವನ ಕಟ್ಟಳೆ ನಾಲ್ಕೂ ತಾಲ್ಲೂಕಿಗೆ ಗೊತ್ತಿತ್ತು: ಇಪ್ಪತ್ತೊಂದು ದಿನ ಪಥ್ಯ, ಆ ದಿನಗಳಲ್ಲಿ ಹೊಸ್ತಿಲು ದಾಟಬಾರದು, ಹೊಳೆ ದಾಟಬಾರದು, ಮದ್ದಿನ ವಿಷಯ ಯಾರಲ್ಲೂ ಆಡಬಾರದು. ಪುಟ್ಟಸ್ವಾಮಿ ಮಂಚದ ತುದಿಯಲ್ಲಿ ಕೂತ. ಇಪ್ಪತ್ತೊಂದು ದಿನ ಮನೆ ಬಿಟ್ಟು ಕದಲದ ಹೆಂಗಸು ಎರಡನೆಯ ಸೋಮವಾರ ಶ್ರೀರಂಗಪಟ್ಟಣಕ್ಕೆ ಹೇಗೆ ಬರುತ್ತಾಳೆ? ಬರುವುದಿಲ್ಲ. ಮುಂದಿನ ತಿಂಗಳು ಬರುತ್ತಾಳೆ, ಆಗ ರಕ್ತ ಚೊಕ್ಕವಾಗಿರುತ್ತದೆ. 'ಗೈರು, ನಾಟಿ.'

"ಅಕ್ಕಾ, ನಿಂಗೆ ಇದು ಎಷ್ಟನೇ ಸಲ?"

ಪುಟ್ಟತಾಯಮ್ಮ ಬೆರಳು ಮಡಿಸಿ ಮೂರು ತೋರಿಸಿದಳು.

"ಗುಳಿಗೆ?"

"ಕಾಮಾಲೆ ಬಂದಾಗ ಬುಟ್ಬುಡ್ತೀನಿ. ವಾಸಿಯಾದ್ಮೇಲೆ ತಿರ್ಗ ತಕತೀನಿ. ಬುಟ್ಟ ಗುಳ್ಗೆನೆಲ್ಲ ತಿಪ್ಪೆಗಾಕಿ ಖಾಲಿ ಆಳೆ ತಂದ್ಕೊಟ್ಟಿವ್ನಲ್ಲ. ನಿನ್ ಬರವಣ್ಗೆಗೆ ಒಂದೂ ಕಮ್ಮಿಯಾಗಿಲ್ಲ ಬುಡು." ಅದರಲ್ಲೊಂದು ಸಮಾಧಾನವಿತ್ತು, ತಮ್ಮನ ಅಂಗಿಯ ಹರಿದ ಜೇಬನ್ನು ಕಾಣದ ಹಾಗೆ ಹೊಲಿದುಕೊಟ್ಟವಳ ಸಮಾಧಾನ.

"ನೀನೊಬ್ಳೇನಾ? ಬೇರೆಯವರಿಗೂ ಬಂದಿತ್ತಾ?"

ಅವಳು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು.

ಮೈಸೂರಿಗೆ ಬಂದವನೇ ಪುಟ್ಟಸ್ವಾಮಿ ತನ್ನವರಿಗೆಲ್ಲ ಗುಳಿಗೆ ನಿಲ್ಲಿಸಿದ. ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದ. ಮುಂಬೈಗೆ ಪತ್ರ ಬರೆದ: ನನ್ನ ಪ್ರಬಂಧ ತಪ್ಪಿರಬಹುದು, ಬೇರೆ ಊರುಗಳಲ್ಲೂ ಗುಳಿಗೆ ನಿಲ್ಲಿಸಿ. ಹದಿನೈದು ದಿನಕ್ಕೆ ಉತ್ತರ ಬಂತು. ಒಬ್ಬ ರೋಗಿಯಿಂದ ಏನೂ ಸಿದ್ಧವಾಗುವುದಿಲ್ಲ. ಅದರಲ್ಲೂ ಆಕೆ ನಿಮ್ಮ ಅಕ್ಕ, ನಾಟಿ ಮದ್ದು ಬೇರೆ ತೆಗೆದುಕೊಂಡಿದ್ದಾರೆ, ಆ ಮದ್ದೇ ಲಿವರನ್ನು ಕೆಡಿಸಿರಬಹುದು. ಎಷ್ಟು ಜನರಿಗೆ ಕಾಮಾಲೆ ಬಂದಿತ್ತು, ಗುಳಿಗೆ ಶುರುಮಾಡಿ ಎಷ್ಟು ದಿನಕ್ಕೆ, ಮದ್ದು ಕುಡಿಯುವ ಮೊದಲೋ ಆಮೇಲೋ, ಹೆಸರು ದಿನಾಂಕ ಸಹಿತ ಕಳಿಸಿ, ಆಮೇಲೆ ನೋಡೋಣ.

ಅಂದರೆ ನಾಲ್ಕು ಊರಿನಲ್ಲಿ ನೂರಾರು ಹೆಂಗಸರು ಇವನ ಮಾತಿನ ಮೇಲೆ ಇನ್ನೂ ಅದನ್ನೇ ನುಂಗುತ್ತಿದ್ದರು. ಹೆಸರುಗಳು ಬೇಕೇಬೇಕಾಗಿತ್ತು.

ಜೀಪು ಹತ್ತಿ ಹಳ್ಳಿ ಹಳ್ಳಿ ತಿರುಗಿದ. ಹೋದಲ್ಲೆಲ್ಲ ಕಾಫಿ ಕೊಟ್ಟರು, ಎಳನೀರು ಕೊಟ್ಟರು, ಕೋಳಿ ಕೊಯ್ಯಲು ಹೊರಟರು. ಕಾಮಾಲೆಯ ಮಾತು ಎತ್ತಿದರೆ ಮಾತ್ರ, "ನಂಗೇನಾಗಿತ್ತು ಬುದ್ದಿ, ಗುಂಡ್ಕಲ್ ಇದ್ದಂಗಿವ್ನಿ" ಎಂದರು. ಮಣಿಕಟ್ಟು ತೋರಿಸಮ್ಮ ಎಂದ. ತೋರಿಸಿದರು. ಒಂಬತ್ತು ಜನರ ಕೈಯಲ್ಲಿ ಬರೆ ಇತ್ತು. "ರೊಟ್ಟಿ ತಟ್ವಾಗ ಸುಟ್ಟಿದ್ದು" ಎಂದರು ಒಬ್ಬರ ಬಾಯಲ್ಲಿ ಬಂದ ಹಾಗೆ ಒಂಬತ್ತೂ ಜನ. ಇದೇ ಮಣಿಕಟ್ಟು ಹಿಡಿದು ಐದು ವರ್ಷ ತಿಂಗಳು ತಿಂಗಳು ನಾಡಿ ನೋಡಿದ್ದನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಬೆರಳ ಕೆಳಗೇ ಇದ್ದ ಗಾಯದ ಬಗ್ಗೆ ಒಂದು ದಿನವೂ ಇದೇನಮ್ಮ ಎಂದು ಕೇಳಿರಲಿಲ್ಲ. ಬರೆ ಯಾವಾಗ, ಯಾತಕ್ಕೆ ಹಾಕಿಸಿಕೊಂಡದ್ದೆಂದು ಬರೆಯೇನೂ ಹೇಳುವುದಿಲ್ಲ, ಹೆಂಗಸರೇ ಹೇಳಬೇಕಿತ್ತು.

ಅಷ್ಟರಲ್ಲಿ ಮನಸ್ಸು ಒಂದು ಉಪಾಯ ಹೇಳಿಕೊಟ್ಟಿತು. ಯಾರೂ ಹೇಳುತ್ತಿಲ್ಲವಲ್ಲ, ನೀನು ಕೇಳುವಷ್ಟು ಕೇಳಿದೆ, ಪತ್ರವನ್ನೂ ಬರೆದೆ, ಇನ್ನು ಸುಮ್ಮನಿರು. ಪ್ರಬಂಧ ಉಳಿಯುತ್ತದೆ, ಕುರ್ಚಿಯೂ ಸಿಗುತ್ತದೆ. ಎರಡು ದಿನ ಅವನು ಸುಮ್ಮನಿದ್ದೂ ನೋಡಿದ. ಊಟ ಸೇರಲಿಲ್ಲ. ಮೂರನೆಯ ದಿನ ಪಾಂಡವಪುರದ ಮಂಗಳಮ್ಮನ ಮನೆಗೆ ಹೋದ.

ಮಂಗಳಮ್ಮ ಹಾಲಿನ ಡೈರಿಯಲ್ಲಿ ಹಾಲು ಅಳೆಯುತ್ತಿದ್ದ ವಿಧವೆ, ಎದುರಿಗೆ ಮಾತಾಡುವ ಗಟ್ಟಿಗಿತ್ತಿ. ಅವಳೂ ಮೊದಲು ರೊಟ್ಟಿಯ ಕಥೆಯನ್ನೇ ಹೇಳಿದಳು. ಪುಟ್ಟಸ್ವಾಮಿ ಎದ್ದು ಹೋಗದೆ ಅಲ್ಲೇ ಹಾಲಿನ ಕ್ಯಾನಿನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತ. ಸ್ವಲ್ಪ ಹೊತ್ತು ಬಿಟ್ಟು ಅವಳ ಕಣ್ಣಲ್ಲಿ ನೀರು ಬಂತು.

"ಯೋಳುದ್ರೆ ನಿಮ್ಗೇ ಕೇಡು ಬುದ್ದಿ. ಗಂಜಾಂ ಮೆಟ್ಲ ಮೇಲೆ ಅಕ್ಕ ಎಲ್ರ ಕೈಲೂ ಆಣೆ ಆಕ್ಸವ್ರೆ. 'ಡಾಕ್ಟ್ರಿಗೆ ಕಾಮಾಲೆ ಸುದ್ದಿ ಯೋಳುದ್ರೆ ನನ್ ತಮ್ಮನ ತಲೆ ಮೇಲೆ ಆಣೆ' ಅಂತ. ನಮ್ ಜೀವ ಉಳಿಸ್ದೋರು ನೀವು. ನಮ್ ಬಾಯಿಂದ ನಿಮ್ಮ ಜೀವ ತಗಿಯಾಕಾದದಾ?"

ಐವತ್ತು ಅರವತ್ತು ಹೆಂಗಸರು ಅವನನ್ನು ಬದುಕಿಸಲೆಂದೇ ಅವನ ಮುಖ ನೋಡಿ ಸುಳ್ಳು ಹೇಳುತ್ತಿದ್ದರು.

ಆಸ್ಪತ್ರೆಯಲ್ಲಿ ಅಕ್ಕನ ಹಾಸಿಗೆಯ ಬಳಿ ಹೋಗಿ ನಿಂತ. ಗುಳಿಗೆ ಬಿಟ್ಟ ಮೇಲೆ ಅವಳ ಕಣ್ಣು ತಿಳಿಯಾಗುತ್ತಿತ್ತು, ಆದರೂ ಹೊಟ್ಟೆಯಲ್ಲಿ ನೀರು ಇತ್ತು. ಮೂರು ಸಲ ನೊಂದ ಲಿವರು ಎಷ್ಟು ತಡೆದೀತೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಆಣೆ ತೆಗೆದುಬಿಡಕ್ಕ."

"ಯಾವಳು ಬಾಯ್ ಬುಟ್ಲು?"

"ಯಾರಾದ್ರೂ ಬಿಡ್ಲಿ. ಯಾಕೆ ಹಿಂಗೆ ಮಾಡ್ದೆ?"

"ಇನ್ಯಾಕ್ಲಾ. ಒಬ್ಳಿಗೆ ಕಾಮಾಲೆ ಅಂದ್ರೂ ನಿನ್ ಓದೆಲ್ಲ ಮಣ್ಣಾಯ್ತದೆ ಅಂತ ನೀನೇ ಅವತ್ತು ಕಾಂಪೌಂಡ್ರಿಗೆ ಯೋಳ್ತಿದ್ದೆ, ನಾನು ಕೇಳುಸ್ಕಂಡೆ. ಕಾಮಾಲೆ ಏನ್ ದೊಡ್ಡದಾ? ಊರಲ್ಲಿ ಯಾರ್ಗೆ ಬರಕಿಲ್ಲ? ದಾಸಯ್ಯನ ಮದ್ದಿಗೆ ಓಯ್ತದೆ ಅಂದ್ಕಂಡೆ."

ತಾನು ಆಡಿದ್ದ ಮಾತೇ. ನೆನಪೂ ಇರಲಿಲ್ಲ.

"ಅಕ್ಕಾ, ಬೇರೆ ಊರಿನಲ್ಲಿ ನೂರಾರು ಜನ ನನ್ನ ಮಾತು ನಂಬಿ ಅದನ್ನ ನುಂಗ್ತಾ ಇದ್ದಾರೆ."

"ಅವ್ರು ನಂಗೊತ್ತಿಲ್ಲ. ನೀನು ಗೊತ್ತು."

ಅಕ್ಕನ ಮೇಲೆ ಅವನು ಯಾವತ್ತೂ ದನಿ ಏರಿಸಿದವನಲ್ಲ. ಅವತ್ತು ಏರಿಸಿದ. "ಸುಳ್ಳು ಬರೆದವನು ಅನ್ನಿಸ್ಕೊಂಡು ನಾನು ನೂರು ವರ್ಷ ಬದುಕ್ಬೇಕಾ? ಅದಕ್ಕಾ ನೀನು ನನ್ನ ಸಾಕಿದ್ದು?" ಪಕ್ಕದ ಹಾಸಿಗೆಯವರೆಲ್ಲ ತಿರುಗಿ ನೋಡಿದರು. ಪುಟ್ಟತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ಅಂದಿದ್ದಕ್ಕೆ ತುಂಬ ನೊಂದುಕೊಂಡ. ಆದರೆ ಹೋಗಿ ತಪ್ಪಾಯ್ತೆಂದು ಹೇಳಲಿಲ್ಲ.

ನವೆಂಬರಿನ ಎರಡನೆಯ ಸೋಮವಾರ. ಗುಳಿಗೆ ನಿಂತಿದ್ದರೂ ತಪಾಸಣೆಗೆ ಬರಬೇಕೆಂದು ಎಲ್ಲರಿಗೂ ಕಾರ್ಡು ಹಾಕಿದ್ದ. ಛತ್ರ ತುಂಬಿತ್ತು. ಹತ್ತೂವರೆಗೆ ಬಾಗಿಲಲ್ಲಿ ಆಟೋ ನಿಂತಿತು. ಹಿಂದಿನ ವಾರವಷ್ಟೇ ಆಸ್ಪತ್ರೆಯಿಂದ ಮನೆಗೆ ಹೋಗಿದ್ದ ಪುಟ್ಟತಾಯಮ್ಮ ಮಗ ಅಶೋಕನ ಭುಜ ಹಿಡಿದು ಇಳಿದಳು. ಸೀರೆಯ ಅಂಚು ಒದ್ದೆಯಾಗಿತ್ತು, ಹಣೆಯಲ್ಲಿ ದೊಡ್ಡ ಕುಂಕುಮವಿತ್ತು. ಒಂದೊಂದೇ ಹೆಜ್ಜೆ ಇಟ್ಟು ಪಡಸಾಲೆಯ ನಡುವೆ ಬಂದು ನಿಂತಳು. ತಮ್ಮನ ಕಡೆ ನೋಡಲಿಲ್ಲ.

"ಬೆಳಿಗ್ಗೆ ಗಂಜಾಂ ಅಮ್ಮನ ಮುಂದೆ ತಪ್ಪುಗಾಣ್ಕೆ ಆಕಿ ಬಂದಿವ್ನಿ. ಆಣೆನ ಇವನ ತಲೆಯಿಂದ ಇಳ್ಸಿ ನನ್ ತಲೆ ಮೇಲೆ ಒತ್ಕಂಡಿವ್ನಿ. ಏನಾಗೋದಿದ್ರೂ ನಂಗಾಗ್ಲಿ. ಇದ್ದದ್ದು ಇದ್ದಂಗೆ ಯೋಳ್ರಮ್ಮಿ. ಮೊದ್ಲು ನನ್ದು ಬರ್ಕೊ ಕಣ್ಲಾ."

ಅವಳದನ್ನು ಬರೆದುಕೊಂಡ. ಬರೆಯುವಾಗ ಕಣ್ಣು ಮಂಜಾಗಿ ಎರಡು ಸಲ ಕನ್ನಡಕ ಒರೆಸಿದ. ಆಮೇಲೆ ಮಂಗಳಮ್ಮ ಬಂದಳು. ಆಮೇಲೆ ಒಬ್ಬರ ಹಿಂದೆ ಒಬ್ಬರು. ಗೌರಿ ಹಬ್ಬದ ಹಿಂದಿನ ವಾರ, ಕಣ ಮಾಡುವಾಗ, ಮಗಳ ಬಾಣಂತನದಲ್ಲಿ, ಹೀಗೆ ಅವರು ಹೇಳಿದ ಕಾಲವನ್ನೆಲ್ಲ ಅವನು ತಾರೀಖಿಗೆ ತಿರುಗಿಸಿ ಬರೆದ. ಗುಳಿಗೆ ಶುರುವಾಗುವ ಮುಂಚೆ ಯಾರಿಗೂ ಬಂದಿರಲಿಲ್ಲ. ಶುರುಮಾಡಿದ ಆರೇಳು ತಿಂಗಳಿಗೆ ಮೊದಲ ಸಲ ಬಂದಿತ್ತು, ಮದ್ದು ಕುಡಿದದ್ದೆಲ್ಲ ಆಮೇಲೆ. ಅಕ್ಕನ ಲೆಕ್ಕದಲ್ಲಿ ಹನ್ನೊಂದು ಜನ ಇದ್ದರು. ಮಧ್ಯಾಹ್ನದ ಹೊತ್ತಿಗೆ ಹತ್ತೊಂಬತ್ತಾಯಿತು. ಎಂಟು ಜನ ಅವಳಿಗೂ ಹೇಳದೆ ಮುಚ್ಚಿಟ್ಟಿದ್ದರು. ಹತ್ತೊಂಬತ್ತೂ ಜನ ಕಾಮಾಲೆಯಲ್ಲಿ ಗುಳಿಗೆ ಬಿಟ್ಟವರೇ, ಖಾಲಿ ಹಾಳೆ ತಂದುಕೊಟ್ಟವರೇ.

ಇಷ್ಟು ಸಾಕು, ಮುಂಬೈಯವರು ಇನ್ನು ಕೇಳಲೇಬೇಕು ಎಂದುಕೊಂಡು ಪುಟ್ಟಸ್ವಾಮಿ ಪೆನ್ನಿನ ಮುಚ್ಚಳ ಹಾಕಿದ. ಬಾಗಿಲ ಬಳಿ ಟವೆಲು ಹೊದ್ದ ಒಬ್ಬ ಗಂಡಸು ಬೆಳಗಿನಿಂದ ಕೂತಿದ್ದ. ಈಗ ಎದ್ದು ಬಂದ. ಮಂಚಮ್ಮನ ಗಂಡ ಕರಿಯಪ್ಪ.

"ಅಕ್ಕ ಯೋಳ್ಕಳ್ಸಿದ್ರು. ನಮ್ಮವಳ್ದೂ ಬರ್ಕೊಳ್ಳಿ ಬುದ್ದಿ."

"ಅವರಿಗೆ ಕ್ಯಾನ್ಸರು ಲಿವರಿಗೆ ಹೋಗಿತ್ತಲ್ಲಪ್ಪ" ಎಂದ ಪುಟ್ಟಸ್ವಾಮಿ. ಹೇಳುತ್ತಾ ಹೇಳುತ್ತಾ, ಅದನ್ನು ತಾನು ಕಣ್ಣಾರೆ ನೋಡಿರಲಿಲ್ಲ ಎನ್ನುವುದು ನೆನಪಾಯಿತು.

"ನಂಗದೆಲ್ಲ ತಿಳಿಯಕಿಲ್ಲ. ಅವಳ್ಗೆ ಬಂದಿದ್ದು ಕಾಮಾಲೆ, ಮೂರ್ ವರ್ಸದ್ ಇಂದೆ, ಸುಗ್ಗೀಲಿ. ದಾಸಯ್ಯನ ಮದ್ದೂ ಕುಡ್ಸಿದೊ. ಗುಳ್ಗೆ ಬುಡು, ಎಲ್ರೂ ಬುಟ್ಟವ್ರೆ ಅಂತ ಅಕ್ಕನೂ ಯೋಳುದ್ರು, ನಾನೂ ಯೋಳ್ದೆ. ಕೇಳ್ನಿಲ್ಲ. 'ಡಾಕ್ಟ್ರು ಒಂದಿನಾನೂ ತಪ್ಪಿಸ್ಬೇಡ ಅಂದವ್ರೆ, ಅವರ್ಗೆ ಮೋಸ ಮಾಡಾಕಾಯ್ತದಾ' ಅಂದ್ಲು. ಅನ್ನ ನುಂಗಾಕಾಗ್ತಿರ್ನಿಲ್ಲ. ಗುಳ್ಗೆ ಮಾತ್ರ ಅರ್ದು ನೀರಲ್ಲಿ ಕಲ್ಸಿ ಕುಡಿತಿದ್ಲು. ಓದ ದಿನಾನೂ ಕುಡುದ್ಲು."

ಪಡಸಾಲೆಯಲ್ಲಿ ಹತ್ತೊಂಬತ್ತು ಹೆಂಗಸರು ತಲೆ ತಗ್ಗಿಸಿದ್ದರು. ಅವನಿಗೆ ಮೋಸ ಮಾಡಿದವರೆಲ್ಲ ಬದುಕಿ ಕಣ್ಣೆದುರು ಕೂತಿದ್ದರು.

ಪುಟ್ಟಸ್ವಾಮಿ ಹಳೇ ರಿಜಿಸ್ಟರು ತೆಗೆಸಿದ. ಮಂಚಮ್ಮನ ಪುಟದಲ್ಲಿ ತನ್ನದೇ ದುಂಡು ಅಕ್ಷರದಲ್ಲಿ ಬರೆದಿದ್ದ ಸಾವಿನ ಕಾರಣದ ಮೇಲೆ ಗೆರೆ ಎಳೆದ. ಅದರ ಕೆಳಗೆ ಇನ್ನೊಂದು ಸಾಲು ಬರೆದು ಸಹಿ ಮಾಡಿದ. ಓದು ಬಾರದ ಕರಿಯಪ್ಪ ಬಗ್ಗಿ ನೋಡುತ್ತಿದ್ದ.

"ಏನಂತ ಬರುದ್ರಿ ಬುದ್ದಿ?"

"ನಾನು ಕೊಟ್ಟ ಗುಳಿಗೆಯಿಂದ ಸತ್ತರು ಅಂತ ಬರೆದೆ."

ಕರಿಯಪ್ಪ ಟವೆಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ. ಆಮೇಲೆ ಯಾರಿಗೂ ಕೇಳಬಾರದು ಎನ್ನುವ ಹಾಗೆ ಹತ್ತಿರ ಬಂದ.

"ಅಂಗೆ ಬರೀಬ್ಯಾಡಿ. ಗೊತ್ತಾದ್ರೆ ನಮ್ಮವ್ಳು ನೊಂದ್ಕತಾಳೆ."